ನೆಲ ಒಣಗುವ ತನಕ

ಮಹಾತಾಯಿಯನ್ನು ಪೊಲೀಸರು ಹಿಡಿದದ್ದು ಮಂಗಳವಾರ ಮಧ್ಯಾಹ್ನ, ಇಸ್ತ್ರಿ ಪೆಟ್ಟಿಗೆ ಹದವಾಗಿ ಕಾದಿದ್ದಾಗ.

ಆಗ ಮಹಾತಾಯಿ ಬನಿಯನ್ ತೊಟ್ಟು, ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಯಾರದೋ ಪ್ಯಾಂಟಿನ ಗೆರೆ ಕೂರಿಸುತ್ತಿದ್ದಳು. ಅಲ್ಲ, ಕೂರಿಸುತ್ತಿದ್ದ. ಪೊಲೀಸರಿಗೂ ಇದೇ ತೊಡಕು. ಹಿಡಿಯಲು ಬಂದದ್ದು ಹೆಣ್ಣನ್ನು, ಅಂಗಡಿಯಲ್ಲಿ ನಿಂತಿದ್ದದ್ದು ಗಂಡು.

"ಬಿನ್ನಾಣಿ ಅಂದ್ರೆ ಯಾರು?" ಅಂದ ಹಿರಿಯ ಪೇದೆ.

"ನಾನೇ ಸಾರ್."

ಪೇದೆ ಅವನನ್ನು ಮೇಲಿಂದ ಕೆಳಗೆ ನೋಡಿದ. ನೆತ್ತಿಯಲ್ಲಿ ಬೋಳು, ಬೆವರಿದ ಎದೆ, ಆವಿ ತಗುಲಿ ಕೆಂಪಾದ ಕೈ. "ನೀನಾ? ಬಿನ್ನಾಣ ಎಲ್ಲಯ್ಯಾ ಇಟ್ಟಿದೀಯ?"

"ಟ್ರಂಕಲ್ಲಿ ಸಾರ್."

ಟ್ರಂಕನ್ನೂ ಹೊತ್ತುಕೊಂಡು ಹೋದರು.

ಬಿನ್ನಾಣಿ ಅನ್ನುವುದು ವೇದಿಕೆಯ ಹೆಸರು. ಹದಿನೆಂಟು ವರ್ಷದಿಂದ ಅವನ ಬಾಳು ಇಷ್ಟೇ: ಹಗಲಿಡೀ ಇಸ್ತ್ರಿ, ಸಂಜೆಗೆ ಸ್ತ್ರೀ. ಹಳೇ ಗೋದಾಮೊಂದರಲ್ಲಿ ಶನಿವಾರ ಸಂಜೆ ಅವನಂಥ ಐದಾರು ಗಂಡಸರು ಹೆಣ್ಣುವೇಷ ಹಾಕಿ ಹಾಡುತ್ತಿದ್ದರು, ಕುಣಿಯುತ್ತಿದ್ದರು, ಊರಿನ ದೊಡ್ಡ ಮನುಷ್ಯರ ಹೆಂಡಂದಿರ ನಡಿಗೆಯನ್ನು ಅಣಕಿಸುತ್ತಿದ್ದರು. ನೋಡಲು ಬಂದ ಜನ ಬೆಂಚಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೊರಗೆ ಬಂದ ಮೇಲೆ ಆ ಕಡೆ ತಲೆ ಹಾಕಿಯೇ ಇಲ್ಲ ಅನ್ನುತ್ತಿದ್ದರು.

ಠಾಣೆಯಲ್ಲಿ ಜಪ್ತಿ ಪಟ್ಟಿ ಬರೆಯಲು ಕೂತ ಪೇದೆಗೆ ಪೆನ್ನು ಮುಂದೆ ಹೋಗಲಿಲ್ಲ. ನೀಲಿ ನಿಲುವಂಗಿ ಒಂದು. ತಲೆಯ ಹಿಂದೆ ಕಟ್ಟುವ ತಗಡಿನ ಕಿರಣ ಒಂದು ಸುತ್ತು. ಉದ್ದ ಕೂದಲಿನ ಟೋಪನ್ನು ಒಂದು. "ಈ ಕಣ್ರೆಪ್ಪೆ ಎಷ್ಟು ಅಂತ ಬರ್ಕೊಳ್ಳಲಿ?"

"ಒಂದರಲ್ಲಿ ಅರ್ಧ ಕಿತ್ತೋಗಿದೆ ಸಾರ್. ಒಂದೂವರೆ ಅಂತ ಬರ್ಕೊಳ್ಳಿ."

ಪೇದೆ ನಗಲಿಲ್ಲ. ಒಂದೂವರೆ ಅಂತಲೇ ಬರೆದ. ಆಮೇಲೆ ಟ್ರಂಕಿನ ಪಕ್ಕದ ತಗಡಿನ ಬಕೆಟ್ಟಿಗೆ ಕೈ ಹಾಕಿದ. ಹಿಡಿಕೆಗೆ ಹಳೇ ಬಟ್ಟೆ ಸುತ್ತಿದ, ತಳ ಸೊಟ್ಟಗಾದ ಬಕೆಟ್ಟು.

"ಅದು ಬೇಡ ಸಾರ್. ಅದು ನಮ್ಮಮ್ಮಂದು."

"ಅದೇ ಕಣಯ್ಯಾ ಮುಖ್ಯವಾದ ಆಯುಧ."

*

ಅವನು ಆಡಿದ್ದು ಏಳು ನಿಮಿಷದ ಆಟ.

ಪರದೆ ಸರಿಯುತ್ತದೆ. ಪೀಠದ ಮೇಲೆ ಮಹಾತಾಯಿ ನಿಂತಿದ್ದಾಳೆ. ಊರಿನ ದೊಡ್ಡ ಪ್ರಾರ್ಥನಾಲಯದಲ್ಲಿ ನಿಂತಿರುವ ಹಾಗೇ. ಅದೇ ನೀಲಿ, ಅದೇ ಕಿರಣ, ಒಂದು ಕೈ ಅಭಯಕ್ಕೆ ಎತ್ತಿದೆ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಮಹಾತಾಯಿ ಬಗ್ಗಿ ನೆಲ ನೋಡುತ್ತಾಳೆ. ಪೀಠದಿಂದ ಇಳಿಯುತ್ತಾಳೆ. ಹಿಂದಿನಿಂದ ಬಕೆಟ್ಟು ಎಳೆಯುತ್ತಾಳೆ. ನಿಲುವಂಗಿ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ, ಒರೆಸಲು ಶುರು ಮಾಡುತ್ತಾಳೆ. ಹಾಡಿಲ್ಲ, ಮಾತಿಲ್ಲ. ಬಟ್ಟೆ ಎಳೆಯುವ ಸರ್, ಸರ್. ಹಿಂಡುವ ಪಿಚಕ್. ಒರೆಸುತ್ತ ಒರೆಸುತ್ತ ಹಿಂದಕ್ಕೆ ಸರಿಯುತ್ತಾಳೆ, ಒರೆಸಿದ ಜಾಗ ತುಳಿಯದ ಹಾಗೆ. ಕೊನೆಗೆ ಪೀಠ ಹತ್ತಿ ಮತ್ತೆ ಕೈ ಎತ್ತುತ್ತಾಳೆ. ಆ ಕೈಯಲ್ಲಿ ಒರೆಸೋ ಬಟ್ಟೆ ಇರುತ್ತದೆ. ನೀರು ತೊಟ್ಟಿಕ್ಕುತ್ತಿರುತ್ತದೆ. ದೀಪ ಆರುತ್ತದೆ.

ಅವತ್ತು ಯಾರೂ ನಗಲಿಲ್ಲ.

ಮುಂದಿನ ಬೆಂಚಿನಲ್ಲಿ ಪ್ರಾರ್ಥನಾಲಯದ ಆಡಳಿತಾಧಿಕಾರಿ ಕೂತಿದ್ದ. ಆ ಕಡೆ ತಲೆ ಹಾಕಿಯೇ ಇಲ್ಲ ಅನ್ನುವವರ ಪೈಕಿ ಅವನು ಮೊದಲಿಗ. ಪರದೆ ಸರಿದದ್ದೇ ಅವನು ಅಭ್ಯಾಸ ಬಲದಿಂದ ಎದ್ದು ನಿಂತು ಕೈ ಮುಗಿದಿದ್ದ. ಕಣ್ಣನ್ನೂ ಮುಚ್ಚಿದ್ದ. ಕಣ್ಣು ಬಿಟ್ಟಾಗ ಮಹಾತಾಯಿ ಅವನ ಕಡೆಗೆ ಬೆನ್ನು ಹಾಕಿ ನೆಲ ಉಜ್ಜುತ್ತಿದ್ದಳು. ಯಾರೋ ಅದನ್ನು ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದರು. ಮೂರನೇ ದಿನ ಅವನ ಧಾರ್ಮಿಕ ಭಾವನೆಗೆ ನೋವಾಯಿತು.

ಬಿನ್ನಾಣಿಗೆ ಅವನು ಹೊಸಬನಲ್ಲ. ಅವನ ಬೂಟು ಹೆಜ್ಜೆಗೊಮ್ಮೆ ಕಿರ್ ಅನ್ನುತ್ತದೆ. ಅಮ್ಮ ಅವನಿಗೆ ಇಟ್ಟ ಹೆಸರೇ ಕಿರ್ ಬೂಟು.

ಅಮ್ಮ ಆ ಪ್ರಾರ್ಥನಾಲಯದ ನೆಲ ಒರೆಸಿದ್ದು ಮೂವತ್ತೊಂದು ವರ್ಷ. ದಿನಕ್ಕೆ ಮೂರು ಸಲ, ಮಂಡಿಯ ಮೇಲೆ. ಅವಳಿಗೆ ಊರಿನ ಜನರ ಮುಖ ಗೊತ್ತಿರಲಿಲ್ಲ, ಕಾಲು ಗೊತ್ತಿತ್ತು. ಕಿರ್ ಬೂಟು, ಸವೆದ ಹಿಮ್ಮಡಿ, ಕೆಂಪು ಚಪ್ಪಲಿ, ಎಡಗಾಲು ಎಳೆಯೋರು. ಅವಳು ಬಟ್ಟೆ ಎಳೆಯುತ್ತ ಬೆಂಚಿನ ಹತ್ತಿರ ಬಂದರೆ ಕೂತವರು ಮಾತು ನಿಲ್ಲಿಸದೆ, ಕೆಳಗೆ ನೋಡದೆ, ಎರಡೂ ಕಾಲು ಎತ್ತುತ್ತಿದ್ದರು. ಅವಳು ದಾಟಿದ ಮೇಲೆ ಇಳಿಸುತ್ತಿದ್ದರು. ಒದ್ದೆ ನೆಲದ ಮೇಲೇ ನಡೆದು ಹೋಗುತ್ತಿದ್ದರು. ಅವಳು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು.

"ಒಂದಿನ ಹೇಳ್ಬಿಡ್ತೀನಿ ಕಣೋ," ಅನ್ನುತ್ತಿದ್ದಳು ಮನೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ. "ನೆಲ ಒದ್ದೆ ಇದೆ, ಒಣಗೋ ತನಕ ನಿಲ್ರಿ ಅಂತ. ದೇವ್ರೇ ಆದ್ರೂ ಸರಿ."

"ಹೇಳಮ್ಮ ಮತ್ತೆ."

"ಹೇಳ್ತೀನಿ. ಅವಸರ ಏನು?"

ಹೇಳಲಿಲ್ಲ. ಒಂದು ಬೆಳಿಗ್ಗೆ ಬೆಂಚುಗಳ ನಡುವೆ ಜಾರಿ ಬಿದ್ದಳು. ತಲೆ ಬೆಂಚಿನ ಅಂಚಿಗೆ ಬಡಿಯಿತು. ಪ್ರಾರ್ಥನೆ ಆಗಷ್ಟೇ ಶುರುವಾಗಿತ್ತು. ನಲವತ್ತು ನಿಮಿಷದ ಪ್ರಾರ್ಥನೆ ಪೂರ್ತಿ ನಡೆಯಿತು. ಆ ಸಾಲಿನವರು ಕಾಲು ಎತ್ತಿ ಅವಳನ್ನು ದಾಟಿಕೊಂಡು ಹೋಗಿ ಕೂತರು.

"ಒರೆಸ್ತಿದಾಳೆ ಅಂದ್ಕೊಂಡ್ವಿ," ಅಂದರು ಆಮೇಲೆ.

ಮಗನಿಗೆ ಹೇಳಿ ಕಳಿಸಿದರು. ಅವನು ಇಸ್ತ್ರಿ ಬಿಟ್ಟು ಓಡಿ ಬಂದ. ಹೆಣವನ್ನು ಹೊರಗೆ ಜಗಲಿಯ ಮೇಲೆ ಮಲಗಿಸಿದ್ದರು. ಕಿರ್ ಬೂಟು ಬಾಗಿಲಲ್ಲಿ ನಿಂತಿದ್ದ. "ಪಾಪ," ಅಂದ. "ಹೋಗೋ ಮುಂಚೆ ಒಳಗಡೆ ಒಂದು ಕೈ ಒರೆಸ್ಬಿಡಪ್ಪ. ರಕ್ತ ಆಗಿದೆ. ಮಧ್ಯಾಹ್ನದ ಪ್ರಾರ್ಥನೆಗೆ ಜನ ಬರ್ತಾರೆ. ಈಗ ಒರೆಸೋಕೆ ಬೇರೆ ಯಾರೂ ಇಲ್ಲ."

ಅವನು ಒರೆಸಿದ. ಅಮ್ಮನ ಬಕೆಟ್ಟು, ಅಮ್ಮನ ಬಟ್ಟೆ, ಅಮ್ಮನ ರಕ್ತ. ಒರೆಸುತ್ತ ಹಿಂದಕ್ಕೆ ಸರಿದ.

"ಆ ಮೂಲೆ ಉಳೀತು ನೋಡು," ಅಂದ ಕಿರ್ ಬೂಟು.

ಆ ಮೂಲೆಯನ್ನೂ ಒರೆಸಿದ.

ಅವತ್ತಿನಿಂದ ಆ ಸದ್ದು ಅವನನ್ನು ಬಿಟ್ಟಿಲ್ಲ. ಇಸ್ತ್ರಿ ಪೆಟ್ಟಿಗೆ ಒದ್ದೆ ಬಟ್ಟೆಯ ಮೇಲೆ ಸರ್ ಅಂದರೆ ಅಮ್ಮ ಅಂಗಡಿಗೆ ಬಂದ ಹಾಗೆ. ಹಾಡಹಗಲಲ್ಲಿ, ಗಿರಾಕಿ ಎದುರಿಗಿರುವಾಗ, ಮೇಜಿನ ಕೆಳಗಿನಿಂದ ಪಿಚಕ್. ಅವನು ತನಗೆ ಗೊತ್ತಿಲ್ಲದೆ ಕಾಲು ಎತ್ತುತ್ತಿದ್ದ. ಎತ್ತಿದ ಮೇಲೆ ನಾಚಿಕೆ ಸುಡುತ್ತಿತ್ತು.

ಲಾಕಪ್ಪಿನಲ್ಲೂ ಕೇಳಿಸಿತು. ಜೊತೆಗಿದ್ದ ಜೇಬುಗಳ್ಳ ಕೇಳಿದ, "ಯಾಕಣ್ಣಾ ಒಂಟಿಕಾಲಲ್ಲಿ ನಿಂತಿದೀಯ? ಹರಕೆನಾ?"

"ಕಸುಬು," ಅಂದ.

*

ಜಾಮೀನು ಸಿಕ್ಕಿ ಮನೆಗೆ ಬಂದ ವಾರಕ್ಕೆ ಪ್ರಾರ್ಥನಾಲಯದ ಕಡೆಯಿಂದ ಕಾಗದ ಬಂತು. ಸರ್ಕಾರ ಕೊಟ್ಟ ವಕೀಲೆ, ಅವನ ಬಾಯಲ್ಲಿ ಲಾಯರಮ್ಮ, ತಾನೇ ತಂದುಕೊಟ್ಟಳು. ಬಿಸಿಲಲ್ಲಿ ನಡೆದು ಬಂದಿದ್ದಳು. "ಇದಕ್ಕೆ ಸೈನ್ ಹಾಕಿದ್ರೆ ಅವರು ದೂರು ವಾಪಸ್ ತಗೋತಾರೆ. ಬಟ್ಟೆ ಬರೆ, ಬಕೆಟ್ಟು, ಎಲ್ಲ ವಾಪಸ್ ಕೊಡ್ತಾರೆ. ಹಾಕದೆ ಇದ್ರೆ ಒಂದು ವರ್ಷದ ತನಕ ಒಳಗಿರ್ಬೇಕಾಗುತ್ತೆ. ಯೋಚ್ನೆ ಮಾಡಿ."

ಮೂಲೆಯಲ್ಲಿ ಅಕ್ಕ ಕೂತಿದ್ದಳು. ಅಕ್ಕನದೂ ಅದೇ ಕೆಲಸ, ಆಸ್ಪತ್ರೆಯಲ್ಲಿ. ಅಲ್ಲಿ ಉದ್ದ ಕೋಲು ಕೊಟ್ಟಿದ್ದಾರೆ, ನಿಂತು ಒರೆಸಬಹುದು. ನಮ್ಮ ವಂಶದಲ್ಲಿ ಎದ್ದು ನಿಂತವಳು ನಾನೇ ಮೊದಲು ಅಂತ ಅವಳ ತಮಾಷೆ.

"ಹಾಕೋ," ಅಂದಳು ಅಕ್ಕ. "ಸತ್ತೋಳಿಗೋಸ್ಕರ ಬದುಕಿರೋನು ಜೈಲಿಗೆ ಹೋಗ್ತಾನಾ? ಅಮ್ಮ ಏನು ಎದ್ದು ಬಂದು ಕೇಳ್ತಾಳಾ?"

"ಬರ್ತಾಳೆ," ಅಂದ.

"ಹುಚ್ಚು ಮಾತಾಡ್ಬೇಡ."

"ಇರು. ಮೊದ್ಲು ಏನು ಬರ್ದಿದಾರೆ ಕೇಳು." ಅವನು ಗಟ್ಟಿಯಾಗಿ ಓದಿದ. "'ಪರಮಪೂಜ್ಯ ಮಹಾತಾಯಿಯನ್ನು ನೆಲ ಒರೆಸುವ ಹೆಂಗಸಿನ ಕೀಳು ಮಟ್ಟಕ್ಕೆ ಇಳಿಸಿ ಅವಮಾನಿಸಿದ್ದು ನನ್ನ ತಪ್ಪೆಂದು ಒಪ್ಪಿ, ಕೈ ಮುಗಿದು ಕ್ಷಮೆ ಬೇಡುತ್ತೇನೆ.'"

ಅಕ್ಕ ತನ್ನ ಅಂಗೈ ನೋಡಿಕೊಂಡಳು. ಫಿನೈಲು ತಿಂದು ಬೆರಳ ತುದಿ ಬಿಳಿಚಿಕೊಂಡಿತ್ತು.

"ಆದ್ರೂ ಹಾಕು," ಅಂದಳು. "ಕೀಳು ಅಂದ್ರೆ ಮೈಮೇಲೆ ಬೊಬ್ಬೆ ಏಳುತ್ತಾ? ನಂಗೆ ದಿನಾ ಅಂತಾರೆ."

"ಅವತ್ತು ಅವನು ತೋರ್ಸಿದ ಮೂಲೆ ಒರೆಸ್ದೆ ಅಕ್ಕ. ಇವತ್ತು ಅವನು ತೋರ್ಸಿದ ಜಾಗದಲ್ಲಿ ಸೈನ್ ಹಾಕಲ್ಲ."

ಅಕ್ಕ ಎದ್ದು ಹೋಗಿ ಒಲೆ ಹಚ್ಚಿದಳು. ಒಲೆಗೆ ಮುಖ, ಇವನಿಗೆ ಬೆನ್ನು.

*

ಗುರುತು ಹಿಡಿಸಲು ಠಾಣೆಯಲ್ಲಿ ಆರು ಜನರನ್ನು ಸಾಲಾಗಿ ನಿಲ್ಲಿಸಿದರು. ಕಿರ್ ಬೂಟು ಎರಡು ಸಲ ಸಾಲಿನ ಮುಂದೆ ನಡೆದ. ಕಿರ್, ಕಿರ್. ಬಿನ್ನಾಣಿಯನ್ನು ದಾಟಿ ಹೋದ. ಐದನೆಯವನ ಎದೆಗೆ ಬೆರಳು ಇಟ್ಟು, "ಇವನೇ. ಕಣ್ಣಲ್ಲೇ ಹೆಣ್ಣಿಗತನ ಇದೆ" ಅಂದ. ಐದನೆಯವನು ಸಾದಾ ಉಡುಪಿನಲ್ಲಿದ್ದ ಪೇದೆ, ಮೂರು ಮಕ್ಕಳ ತಂದೆ.

ಹೀಗಾಗಿ ವಿಚಾರಣೆ ದಿನ ಸರ್ಕಾರಿ ವಕೀಲನ ತಲೆ ಕೆಟ್ಟುಹೋಗಿತ್ತು. ಫೋನಿನ ಚಿತ್ರದಲ್ಲಿ ಇರುವುದು ಬಣ್ಣದ ಮುಖ. ಕಟಕಟೆಯಲ್ಲಿ ನಿಂತಿರುವುದು ಬೋಳುತಲೆಯ ಇಸ್ತ್ರಿಯವನು. ಎರಡೂ ಒಂದೇ ಅಂತ ಹೇಳುವ ಸಾಕ್ಷಿ ಇಲ್ಲ. ಪೇದೆಯ ಮುಂದೆ ನಾನೇ ಅಂದದ್ದು ಕೋರ್ಟಿನಲ್ಲಿ ಲೆಕ್ಕಕ್ಕಿಲ್ಲ. ಗೋದಾಮಿನ ಗೆಳತಿಯರು, ಅಂದರೆ ಗೆಳೆಯರು, ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

"ಸ್ವಾಮಿ, ಆರೋಪಿ ಇಲ್ಲೇ ವೇಷ ಹಾಕ್ಕೊಂಡು ಬಂದು ನಿಲ್ಲಲಿ," ಅಂದ ಸರ್ಕಾರಿ ವಕೀಲ. "ಸಾಕ್ಷಿದಾರರು ನೋಡಿ ಹೇಳ್ತಾರೆ."

ಲಾಯರಮ್ಮ ಹಾರಿ ಎದ್ದಳು. ನ್ಯಾಯಾಲಯ ಏನು ನಾಟಕ ಕಂಪನಿನಾ ಅಂತ ಕೂಗಾಡಿದಳು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಹಿಂದಿನ ಬೆಂಚಿನಲ್ಲಿ ಆಗಲೇ ಕಿಸಕ್ ನಗೆ. ಗಂಡಸು ಲಂಗ ತೊಡುವುದನ್ನು ನೋಡಲು ಅರ್ಧ ಊರು ರಜೆ ಹಾಕಿ ಬಂದಿತ್ತು. "ಸೆರಗು ಹಾಕೋಕೆ ನಾನ್ ಬರ್ಲೇನೇ?" ಅಂತ ಒಬ್ಬ ಕೂಗಿದ. ಪೇದೆಯೂ ನಕ್ಕ.

"ಹಾಕ್ಕೊಂಡು ಬರ್ತೀನಿ," ಅಂದ ಬಿನ್ನಾಣಿ. ಎಲ್ಲರೂ ಅವನ ಕಡೆ ತಿರುಗಿದರು. "ಆದ್ರೆ ಸುಮ್ನೆ ನಿಲ್ಲಲ್ಲ ಸ್ವಾಮಿ. ನಾನು ಬೊಂಬೆ ಅಲ್ಲ. ಅವತ್ತು ಮಾಡಿದ್ದು ಕೆಲ್ಸ. ಬಕೆಟ್ಟು ಕೊಡಿ, ಬಟ್ಟೆ ಕೊಡಿ, ನೀರು ಕೊಡಿ. ಕೆಲ್ಸ ನೋಡಿ ಗುರುತು ಹಿಡೀಲಿ."

ಕಡತದ ಕೋಣೆಯಲ್ಲಿ ಜಾಗ ಕೊಟ್ಟರು. ಸುತ್ತ ಹಳೇ ಮೊಕದ್ದಮೆಗಳ ಕಟ್ಟು, ಗೆದ್ದಲಿನ ವಾಸನೆ. ಅಕ್ಕ ಕನ್ನಡಿ ಹಿಡಿದಳು. ಅವನು ಸೋಪಿನ ತುಂಡು ಒದ್ದೆ ಮಾಡಿ ಹುಬ್ಬಿಗೆ ಮೆತ್ತಿ ಮಟ್ಟ ಮಾಡಿದ. ಅದರ ಮೇಲೆ ಬಣ್ಣ. ಈಗ ಅವನಿಗೆ ಮುಖವೇ ಇರಲಿಲ್ಲ. ಈ ಕಸುಬಿನಲ್ಲಿ ಮೊದಲು ತನ್ನ ಮುಖ ಅಳಿಸಬೇಕು. ಆಮೇಲೆ ಬೇಕಾದವಳನ್ನು ಬರೆಯಬೇಕು. ಹದಿನೆಂಟು ವರ್ಷದಲ್ಲಿ ಅವನು ನೂರು ಹೆಂಗಸರನ್ನು ಬರೆದಿದ್ದ.

ಆಟದ ದಿನವೂ ಅವನು ಬರೆಯಲು ಕೂತದ್ದು ಪೀಠದ ಮೇಲಿನ ಮಹಾತಾಯಿಯನ್ನೇ. ಪಕ್ಕದಲ್ಲಿ ಅವಳ ಪಟ ಇಟ್ಟುಕೊಂಡಿದ್ದ. ಕೈ ಮಾತ್ರ ತನ್ನ ದಾರಿ ಹಿಡಿದಿತ್ತು. ಎಡ ಹುಬ್ಬು ಸ್ವಲ್ಪ ಮೇಲೆ, ಬಾಯಿಯ ಪಕ್ಕ ಎರಡು ಗೆರೆ, ಕಣ್ಣಿನ ಕೆಳಗೆ ಚೀಲ. ಪರದೆ ಸರಿಯಲು ಐದು ನಿಮಿಷ ಇದೆ ಅನ್ನುವಾಗ ಕನ್ನಡಿ ನೋಡಿದರೆ ಅಮ್ಮ. ಅಳಿಸಲು ಹೊತ್ತಿರಲಿಲ್ಲ. ಮನಸ್ಸೂ ಇರಲಿಲ್ಲ.

ಈಗ ಪಟ ಇರಲಿಲ್ಲ. ಕೈ ಅದನ್ನೇ ಬರೆಯಿತು. ಕೊನೆಗೆ ಒಂದೂವರೆ ರೆಪ್ಪೆ ಅಂಟಿಸಿ ಅವಳು ತಲೆ ಎತ್ತಿದಳು.

ಅಕ್ಕ ಕನ್ನಡಿಯ ಅಂಚಿನ ಮೇಲಿಂದ ಇಣುಕಿದಳು.

"ಅಮ್ಮಾ," ಅಂದಳು. ಆಮೇಲೆ ಸಾವರಿಸಿಕೊಂಡು, "ಮಂಡಿ ನೋವಿದ್ಯಾ?" ಅಂದಳು.

"ಇದೆ ಕಣೇ," ಅಂದಿತು ಕನ್ನಡಿ. ಅದು ಯಾರ ದನಿ ಅಂತ ಇಬ್ಬರೂ ಕೇಳಿಕೊಳ್ಳಲಿಲ್ಲ.

*

ನೀಲಿ ನಿಲುವಂಗಿ ಒಳಗೆ ಬಂದಾಗ ಒಂದು ಸಿಳ್ಳೆ ಎದ್ದಿತು. ಎದ್ದದ್ದು ಅರ್ಧಕ್ಕೇ ಸತ್ತಿತು. ತಗಡಿನ ಕಿರಣಕ್ಕೆ ಕಿಟಕಿಯ ಬೆಳಕು ಬಿದ್ದಿತ್ತು. ಎರಡನೇ ಸಾಲಿನಲ್ಲಿ ಒಬ್ಬ ಮುದುಕಿ ಎದ್ದು ಕೈ ಮುಗಿದು, ಪಕ್ಕದವಳು ಚಿವುಟಿದ ಮೇಲೆ ಕೂತಳು.

ಅವಳು ಯಾರನ್ನೂ ನೋಡಲಿಲ್ಲ. ನೆಲ ನೋಡಿದಳು. ನೂರಾರು ಕಾಲುಗಳ ಕೆಸರು, ಉಗಿದ ಗುರುತು, ಶಾಯಿಯ ಕಲೆ. ನಿಲುವಂಗಿ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಮಂಡಿಯೂರಿದಳು.

ಸರ್. ಸರ್. ಪಿಚಕ್.

ಸಾಕ್ಷಿದಾರನಿಗೆ ವಯಸ್ಸಾಗಿದೆ ಅಂತ ಕುರ್ಚಿ ಹಾಕಿಸಿದ್ದರು. ಕಿರ್ ಬೂಟು ಕುರ್ಚಿಯಲ್ಲಿ ಕೂತು ಸರ್ಕಾರಿ ವಕೀಲನಿಗೆ ಉತ್ತರ ಹೇಳುತ್ತಿದ್ದ.

"ಆ ಗೋದಾಮಿಗೆ ನೀವು ಯಾಕೆ ಹೋಗಿದ್ರಿ?"

"ಪರಿಶೀಲನೆಗೆ."

"ಎಷ್ಟು ಸಲ?"

"ಪರಿಶೀಲನೆ ಅಂದ್ಮೇಲೆ ನಾಲ್ಕಾರು ಸಲ ಹೋಗ್ಬೇಕಾಗುತ್ತೆ." ಹಿಂದೆ ಯಾರೋ ನಕ್ಕರು. ಅವನು ಗಂಟಲು ಸರಿ ಮಾಡಿಕೊಂಡ. "ನೋಡಿ ಸ್ವಾಮಿ, ವೇಷ ಅದೇ. ನಾನು ಹೇಳೋದು ಏನಂದ್ರೆ, ಪೂಜ್ಯರಾದವರನ್ನ ಈ ಥರ ನೆಲಕ್ಕೆ..."

ಬಟ್ಟೆ ಕುರ್ಚಿಯ ಹತ್ತಿರ ಬಂತು. ಕಿರ್ ಬೂಟು ಮಾತು ನಿಲ್ಲಿಸದೆ, ಕೆಳಗೆ ನೋಡದೆ, ಎರಡೂ ಕಾಲು ಎತ್ತಿದ.

ಇಡೀ ಕೋರ್ಟು ಅದನ್ನು ನೋಡಿತು. ಎಲ್ಲರಿಗಿಂತ ತಡವಾಗಿ ಅವನು ನೋಡಿದ. ಮೊದಲು ಗಾಳಿಯಲ್ಲಿರುವ ತನ್ನ ಬೂಟು. ಅದರ ಕೆಳಗೆ ಕೈ. ಕೈಯ ಹಿಂದೆ ಮುಖ.

ಆ ಮುಖ ಮೇಲೆ ನೋಡುತ್ತಿತ್ತು. ಮೂವತ್ತೊಂದು ವರ್ಷ ಅದು ಮೇಲೆ ನೋಡಿರಲಿಲ್ಲ.

"ಇವಳು... ಇವಳು ಸತ್ತೋಗಿದಾಳೆ," ಅಂದ.

"ಯಾರು ಸತ್ತಿದ್ದು?" ಅಂದರು ನ್ಯಾಯಾಧೀಶರು.

"ನಮ್ಮಲ್ಲಿ ಒರೆಸ್ತಿದ್ಳು ಸ್ವಾಮಿ. ಅವಳೇ ಇದು. ಇದೇ ಹುಬ್ಬು."

"ಹೆಸರೇನು?"

ಕಿರ್ ಬೂಟು ಸರ್ಕಾರಿ ವಕೀಲನ ಕಡೆ ನೋಡಿದ.

"ಎಷ್ಟು ವರ್ಷ ಇದ್ದರು ನಿಮ್ಮಲ್ಲಿ?"

"ಮೂವತ್ತು... ಮೂವತ್ತೊಂದು."

"ಹೆಸರು ಗೊತ್ತಿಲ್ವಾ?"

"ಏಯ್ ಅಂತಿದ್ವಿ ಸ್ವಾಮಿ."

ಹಿಂದಿನ ಬೆಂಚಿನಲ್ಲಿ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

ಲಾಯರಮ್ಮ ಬೆಕ್ಕು ಹಾರಿದ ಹಾಗೆ ಎದ್ದಳು. "ಇನ್ನೇನು ಬೇಕು ಸ್ವಾಮಿ! ಸಾಕ್ಷಿದಾರರೇ ಹೇಳಿದ್ರು. ನನ್ನ ಕಕ್ಷಿದಾರ ವೇದಿಕೆ ಮೇಲೆ ತೋರಿಸಿದ್ದು ತನ್ನ ತಾಯಿಯನ್ನ. ಮಹಾತಾಯಿಯನ್ನ ಅಲ್ವೇ ಅಲ್ಲ. ಸ್ವಂತ ತಾಯಿಯ ವೇಷ ಹಾಕೋದು ಯಾವ ಕಾನೂನಲ್ಲಿ ಅಪರಾಧ?"

ನ್ಯಾಯಾಧೀಶರ ಮುಖ ಸಡಿಲವಾಯಿತು. ಅವರಿಗೂ ಇದು ಮುಗಿದರೆ ಸಾಕಾಗಿತ್ತು. ಮುಂದಕ್ಕೆ ಬಗ್ಗಿದರು.

"ಹೌದೇನಪ್ಪಾ? ಯೋಚಿಸಿ ಹೇಳು. ನೀನು ಆಡಿದ್ದು ನಿಮ್ಮಮ್ಮನ್ನ ಅಷ್ಟೇ ತಾನೆ? ಹೌದು ಅಂದ್ರೆ ಈಗ್ಲೇ ಮನೆಗೆ ಹೋಗ್ಬಹುದು."

ಅವಳು ಮಂಡಿಯ ಮೇಲೇ ಇದ್ದಳು. ಅಕ್ಕನ ಕಡೆ ನೋಡಿದಳು. ಹೌದು ಅನ್ನು, ಅಂತ ಅಕ್ಕನ ತುಟಿ ಅಲುಗುತ್ತಿತ್ತು. ಒಂದೇ ಮಾತು. ಹೌದು ಅಂದರೆ ಸಾಯಂಕಾಲ ಮನೆಯಲ್ಲಿ ಊಟ.

"ಮಹಾತಾಯಿನೇ ಆಡಿದ್ದು ಸ್ವಾಮಿ."

"ರೀ!" ಅಂದಳು ಲಾಯರಮ್ಮ.

"ಮುಖ ನಮ್ಮಮ್ಮಂದು. ಬೇರೆ ಮುಖ ನಂಗೆ ಬರಲ್ಲ. ಆದ್ರೆ ಪೀಠದ ಮೇಲೆ ನಿಂತಿದ್ದು ಮಹಾತಾಯಿ, ಇಳಿದು ಒರೆಸಿದ್ದೂ ಮಹಾತಾಯಿ. 'ಅದು ಮಹಾತಾಯಿ ಅಲ್ಲ, ಬರೀ ನೆಲ ಒರೆಸೋಳು, ಅದಕ್ಕೇ ತಪ್ಪಿಲ್ಲ' ಅಂದ್ರೆ, ಆ ಕಾಗದಕ್ಕೆ ಬಾಯಲ್ಲಿ ಸೈನ್ ಹಾಕಿದ ಹಾಗೆ. ನಾನು ಹಾಕಲ್ಲ."

"ಇದರ ಅರ್ಥ ಗೊತ್ತಾ ನಿಂಗೆ?"

"ಗೊತ್ತು. ಇವರು ಅವತ್ತು ಕಣ್ಣು ಮುಚ್ಚಿ ಕೈ ಮುಗಿದ್ರು. ಕಣ್ಣು ಬಿಟ್ಟು ದೂರು ಕೊಟ್ರು. ಯಾವುದು ಭಕ್ತಿ ಅಂತ ಅವರನ್ನೇ ಕೇಳಿ."

ನ್ಯಾಯಾಧೀಶರು ಯಾರನ್ನೂ ಏನೂ ಕೇಳಲಿಲ್ಲ. ಬರೆದರು. ಅವನು ಒಪ್ಪಿದ್ದ. ತಪ್ಪು ಅಂದಿರಲಿಲ್ಲ. ಕಾಗದದ ಮೇಲೆ ಎರಡೂ ಸೇರಿ ತಪ್ಪೊಪ್ಪಿಗೆ ಆಯಿತು. ಆರು ತಿಂಗಳು.

ಅವರು ಓದಿ ಮುಗಿಸುವ ತನಕ ಅವಳು ಉಳಿದ ಜಾಗವನ್ನೂ ಒರೆಸಿದಳು. ಹಿಂದಕ್ಕೆ ಸರಿಯುತ್ತ, ಸಾಲು ಸಾಲಾಗಿ. ಸಾಲು ಸಾಲಾಗಿ ಕಾಲುಗಳು ಎದ್ದವು. ಈ ಸಲ ಎಲ್ಲರೂ ಕೆಳಗೆ ನೋಡುತ್ತಿದ್ದರು. ಬಾಗಿಲ ಹತ್ತಿರ ಬಂದು ಬಟ್ಟೆ ಹಿಂಡಿ, ಬಕೆಟ್ಟಿನ ಅಂಚಿಗೆ ಹಾಕಿ, ಮಂಡಿ ಹಿಡಿದುಕೊಂಡು ಎದ್ದು ನಿಂತಳು.

ಆ ತುದಿಯಲ್ಲಿ ಕಟಕಟೆಯ ಪಕ್ಕ ಹಿರಿಯ ಪೇದೆ ನಿಂತಿದ್ದ. ಕೈಯಲ್ಲಿ ಬೇಡಿ. "ಹೂಂ, ನಡಿ ಹೋಗೋಣ," ಅಂದು ಮುಂದಿಡಲು ಒಂದು ಕಾಲು ಎತ್ತಿದ.

"ನೆಲ ಒದ್ದೆ ಇದೆ," ಅಂದಳು. "ಒಣಗೋ ತನಕ ನಿಲ್ರಿ."

ದನಿ ಎತ್ತರಿಸಿರಲಿಲ್ಲ. ಪೇದೆ ಎತ್ತಿದ ಕಾಲನ್ನು ಅಲ್ಲೇ ತಡೆದ. ನ್ಯಾಯಾಧೀಶರ ಕಡೆ ನೋಡಿದ. ಅವರು ಎದ್ದು ಹೋಗಲು ಕುರ್ಚಿ ಹಿಂದಕ್ಕೆ ಸರಿಸಿದ್ದವರು ನೆಲ ನೋಡಿ ಹಾಗೇ ಕೂತರು. ಪೇದೆ ಕಾಲು ಹಿಂದಕ್ಕೆ ತೆಗೆದುಕೊಂಡ.

ಕೋರ್ಟು ನಿಂತಿತು. ಫ್ಯಾನು ಮಾತ್ರ ತಿರುಗುತ್ತಿತ್ತು. ಒದ್ದೆ ನೆಲದಲ್ಲಿ ಕಿಟಕಿ ತಲೆಕೆಳಗಾಗಿ ಹೊಳೆಯುತ್ತಿತ್ತು. ಅವಳು ಬಾಗಿಲಲ್ಲಿ ಕಾಯುತ್ತ ಕಿವಿಗೊಟ್ಟಳು. ಸರ್ ಇಲ್ಲ, ಪಿಚಕ್ ಇಲ್ಲ. ಬಕೆಟ್ಟಿನ ಪಕ್ಕದಲ್ಲಿ ಇನ್ನೊಬ್ಬರು ನಿಂತು ಸುಧಾರಿಸಿಕೊಳ್ಳುತ್ತಿರುವ ಹಾಗೆ ಒಂದು ಉಸಿರು. ಅವಳು ತಿರುಗಿ ನೋಡಲಿಲ್ಲ. ನಿಲ್ಲಲು ಜಾಗ ಬಿಟ್ಟು ಸ್ವಲ್ಪ ಸರಿದಳು.

ಮೊದಲು ಬೆಂಚಿನ ಅಂಚುಗಳು ಒಣಗಿದವು, ಆಮೇಲೆ ನಡುವಿನ ದಾರಿ. ಕಿರ್ ಬೂಟಿನ ಕುರ್ಚಿಯ ಕೆಳಗೆ ಮಾತ್ರ ಇನ್ನೂ ತೇವ ಉಳಿದಿತ್ತು. ಅವನ ತೊಡೆ ನಡುಗುತ್ತಿತ್ತು, ಎರಡೂ ಕಾಲು ಗಾಳಿಯಲ್ಲೇ ಇದ್ದವು. ಇಳಿಸಬಹುದು ಅಂತ ಯಾರೂ ಅವನಿಗೆ ಹೇಳಲಿಲ್ಲ.